ರೋಡ್ ಐಲೆಂಡಿನ ಹಿರಿಯರ ಹುಡುಕಾಟದಲ್ಲಿ ಫ್ಯಾಮಿಲಿಸರ್ಚ್

ನಮ್ಮ ಅಳಿಯನ ಮನೆತನ ಅಮೆರಿಕದ ರೋಡ್ ಐಲೆಂಡಿನದು. ರೋಜರ್ ವಿಲಿಯಮ್ಸ್ 1638ರಲ್ಲಿ ಪ್ರಾವಿಡೆನ್ಸ್‌ನಲ್ಲಿ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆಯನ್ನು ಕಟ್ಟಿದ ನಾಡು ಅದು. ಆ ಮನೆಯ ಬ್ಯಾಪ್ಟಿಸ್ಟ್ ಹಿರಿಯರೊಬ್ಬರ ಜನ್ಮವರ್ಷ ಕುಟುಂಬದ ಬೈಬಲಿನಲ್ಲಿ 1732 ಎಂದೂ, ಮುತ್ತಜ್ಜಿಯ ಕೈಬರಹದ ವಂಶಾವಳಿಯಲ್ಲಿ 1731 ಎಂದೂ ಇದ್ದುದರಿಂದ, ಅದನ್ನು ಬಗೆಹರಿಸಲು ವಂಶಾವಳಿ ಹುಡುಕಲು ನೆರವಾಗುವ ಫ್ಯಾಮಿಲಿಸರ್ಚ್ ಜಾಲತಾಣವನ್ನು ಬಳಸಿದೆವು. ಖಾತೆ ತೆರೆದರೆ ಸಾಕು, ಹಣ ಕೊಡಬೇಕಿಲ್ಲ.

ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲವಾದ್ದರಿಂದ ಸಭೆಯ ಪುಸ್ತಕದಲ್ಲಿ ಜನನದ ಸುಳಿವು ಸಿಗುವುದು ಅಪರೂಪ. ಉಯಿಲು, ಕ್ರಯಪತ್ರ, ಪಟ್ಟಣದ ಕಡತಗಳೇ ಗತಿ. ಇಂಥವುಗಳ ಮೂಲ ಪುಟಗಳ ಚಿತ್ರಗಳೇ ಈ ತಾಣದ ನಿಜವಾದ ಸಂಪತ್ತು. ಪಟ್ಟಣದ ಕಡತದ ಪುಟವನ್ನು ಹಿಗ್ಗಿಸಿ ನೋಡಿದಾಗ, ಫೆಬ್ರವರಿಯ ಮುಂದೆ ‘1731/2’ ಎಂದು ಓರೆಗೆರೆ ಹಾಕಿ ಬರೆದಿದ್ದುದು ಕಂಡಿತು: 1752ಕ್ಕೆ ಮೊದಲು ಇಂಗ್ಲಿಷರ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ ಆ ಫೆಬ್ರವರಿ ಹಳೆಯ ಲೆಕ್ಕದಲ್ಲಿ 1731ಕ್ಕೂ ಈಗಿನ ಲೆಕ್ಕದಲ್ಲಿ 1732ಕ್ಕೂ ಸೇರಿ, ಎರಡೂ ಇಸವಿಗಳು ಒಂದೇ ದಿನವನ್ನು ಸೂಚಿಸುತ್ತಿದ್ದವು. ಇದಕ್ಕೂ ಮೊದಲು ನಾವು ಹಣ ತೆತ್ತಿದ್ದ ಬೇರೊಂದು ಸಂಸ್ಥೆ, ಇದೇ ಗೊಂದಲದಿಂದ ಒಬ್ಬರನ್ನೇ ಅಣ್ಣತಮ್ಮಂದಿರನ್ನಾಗಿ ಮಾಡಿ ಬರೆದುಕೊಟ್ಟಿತ್ತು!

ತಾಣದ ಸಾಮೂಹಿಕ ವಂಶವೃಕ್ಷವನ್ನು ಮಾತ್ರ ಖಾತೆಯುಳ್ಳ ಇತರರೂ ತಿದ್ದಬಹುದಾದ್ದರಿಂದ, ಅದನ್ನು ಸುಳಿವೆಂದಷ್ಟೇ ಬಗೆಯಬೇಕು. ಕೆಲವು ಚಿತ್ರಗಳನ್ನು ಫ್ಯಾಮಿಲಿಸರ್ಚ್‌ನ ಕೇಂದ್ರಗಳಿಗೆ ಹೋಗಿಯೇ ನೋಡಬೇಕಾಗುತ್ತದೆ.