ಲಾಗೆ ಮುಂಚೆ ಯಾವ ಡಿಗ್ರಿ? ಕೌನ್ಸೆಲಿಂಗ್‌ಗೆ ಹೋಗಿದ್ವಿ, 5ಕ್ಕೆ 3 ಸ್ಟಾರ್

ಕೊಟ್ಟ ದುಡ್ಡಿಗೆ ಅರ್ಧ ವಸೂಲಾಯ್ತು, ಅರ್ಧ ನೀರಲ್ಲಿ ಹೋಮ. ಅಕ್ಕನ ಮಗಳು ಪಿಯುಸಿ ಸೈನ್ಸ್ ಮುಗ್ಸಿದಾಳೆ, ಐದು ವರ್ಷದ ಲಾ ಕೋರ್ಸ್ ಬೇಡ್ವಂತೆ, ಒಂದು ಡಿಗ್ರಿ ಮಾಡ್ಕೊಂಡು ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರ್ತೀನಿ ಅಂತಾಳೆ. ಯಾವ ಡಿಗ್ರಿ ಅನ್ನೋದಕ್ಕೆ ಮನೇಲಿ ದಿನಾ ಪಂಚಾಯ್ತಿ, ಭಾವ ಬಿಕಾಂ ಅಂತಾರೆ, ಅಕ್ಕ ಬಿಎಸ್ಸಿ ಅಂತಾಳೆ, ಕೊನೆಗೆ ಬೆಂಗಳೂರಲ್ಲೇ ಒಂದು ಸೆಂಟರ್‌ಗೆ ಕರ್ಕೊಂಡು ಹೋದೆ, ಹೆಸ್ರು ಬೇಡ ಬಿಡಿ.

ಮೊದ್ಲು ಕೂತಿದ್ದ ಮೇಡಂ ವಿಷ್ಯ ಗೊತ್ತಿರೋರು. ವಕೀಲರಿಗೂ ಲಾ ಓದಿಗೂ ನಿಯಮ ಮಾಡೋ ಬಾರ್ ಕೌನ್ಸಿಲ್ ರೂಲ್‌ನಲ್ಲಿ ಇಂಥದ್ದೇ ಡಿಗ್ರಿ ಅಂತ ಇಲ್ಲ, ಡಿಗ್ರಿಲಿ ಜನರಲ್‌ಗೆ 45 ಪರ್ಸೆಂಟ್, ಒಬಿಸಿಗೆ 42, ಎಸ್‌ಸಿ ಎಸ್‌ಟಿಗೆ 40 ಇದ್ರೆ ಆಯ್ತು ಅಂತ ನೇರವಾಗಿ ಹೇಳಿದ್ರು. ಪಿಯುಸಿ ಮಾಡ್ದೇನೆ ಓಪನ್ ಯೂನಿವರ್ಸಿಟಿಲಿ ಸೀದಾ ಡಿಗ್ರಿ ತಗೊಂಡೋರಿಗೆ ಮಾತ್ರ ಎಂಟ್ರಿ ಇಲ್ಲ, ಇದನ್ನ ಎಷ್ಟೋ ಜನ ಅಡ್ಮಿಷನ್ ಟೈಮಲ್ಲಿ ತಿಳ್ಕೊಂಡು ಒದ್ದಾಡ್ತಾರೆ.

ನಂಗೆ ಇಷ್ಟ ಆಗಿದ್ದು ಆಮೇಲೆ ಮಾಡ್ಸಿದ್ದು. 1985ರ ಓಲ್ಗಾ ಟೆಲ್ಲಿಸ್ ಕೇಸಿನ ತೀರ್ಪಿಂದ, ಅದೇ ಬಾಂಬೆ ಫುಟ್‌ಪಾತ್ ನಿವಾಸಿಗಳನ್ನ ಎಬ್ಬಿಸೋ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದ ಕೇಸು, ಒಂದು ಪುಟ ಪ್ರಿಂಟ್ ಕೊಟ್ಟು, ಕೋರ್ಟ್ ಏನು ಹೇಳ್ತು ಯಾಕೆ ಹೇಳ್ತು ಅಂತ ನಿನ್ ಮಾತಲ್ಲೇ ಬರಿ ಅಂದ್ರು. ಹುಡುಗಿ ಪೆನ್ಸಿಲಲ್ಲಿ ಗೆರೆ ಎಳ್ಕೊಂಡು ಎಳ್ಕೊಂಡು ಓದಿದ್ಲು, ಬದುಕೋ ಹಕ್ಕಲ್ಲಿ ಜೀವನೋಪಾಯನೂ ಸೇರುತ್ತೆ ಅನ್ನೋದನ್ನ ಹಿಡಿದ್ಲು, ಆದ್ರೂ ಕೊನೇಲಿ ಅವ್ರನ್ನ ತೆರವು ಮಾಡೋಕೆ ಕೋರ್ಟ್ ಯಾಕೆ ಒಪ್ತು ಅನ್ನೋದನ್ನ ಬರೀಲೇ ಇಲ್ಲ. ಮೇಡಂ ಅಲ್ಲೇ ಬೆರಳಿಟ್ರು, ಉದ್ದುದ್ದ ಓದಿಸಿ ಬರೆಸೋ ಸಬ್ಜೆಕ್ಟ್ ಒಂದಾದ್ರೂ ತಗೋಮ್ಮ, ಹಿಸ್ಟರಿ, ಪೊಲಿಟಿಕಲ್ ಸೈನ್ಸ್, ಆಪ್ಷನಲ್ ಇಂಗ್ಲಿಷ್ ಯಾವ್ದಾದ್ರೂ ಸರಿ ಅಂದ್ರು. ಬಿಕಾಂ ಮಾಡಿದ್ರೆ ಕಂಪನಿ ಲಾ, ಟ್ಯಾಕ್ಸ್ ಪೇಪರ್ ಹಗುರ ಆಗುತ್ತೆ ಅಂತನೂ ಹೇಳಿದ್ರು, ಅದು ನಿಜ, ನಾನು ಬಿಕಾಂ ಮಾಡ್ಕೊಂಡೇ ಎಲ್‌ಎಲ್‌ಬಿ ಓದಿದ್ದು.

ಎರಡನೇ ಸೆಷನ್ ಬೇರೆ ಒಬ್ರು, ಬರೀ ಪ್ಯಾಕೇಜ್ ಮಾರಾಟ. ಪೊಲಿಟಿಕಲ್ ಸೈನ್ಸ್ ತಗೊಳ್ದಿದ್ರೆ ಒಳ್ಳೆ ಲಾ ಕಾಲೇಜಲ್ಲಿ ಸೀಟೇ ಇಲ್ಲ ಸಾರ್, ನಮ್ ಮೂರು ವರ್ಷದ ಕೋಚಿಂಗ್‌ಗೆ ಈಗ್ಲೇ ಸೇರ್ಸಿ ಅಂತ ಶುರು ಹಚ್ಕೊಂಡ್ರು. ಶುದ್ಧ ಸುಳ್ಳು. ನಾಗರಭಾವಿ ನ್ಯಾಷನಲ್ ಲಾ ಸ್ಕೂಲಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಅದರ ಎಂಟ್ರೆನ್ಸಲ್ಲಿ ಓದಿ ಅರ್ಥ ಮಾಡ್ಕೊಳೋದು, ತರ್ಕ, ಬರವಣಿಗೆ ನೋಡ್ತಾರೇ ಹೊರತು ಡಿಗ್ರಿಲಿ ಯಾವ ಸಬ್ಜೆಕ್ಟ್ ಅಂತ ಅಲ್ಲ. ಹೊಸ ಆವಿಷ್ಕಾರಗಳಿಗೆ ಹಕ್ಕು ಕೊಡಿಸೋ ಪೇಟೆಂಟ್ ಏಜೆಂಟ್ ಆಗೋಕೆ ಪರೀಕ್ಷೆ ಬರೀಬೇಕು ಅಂದ್ರೆ ಸೈನ್ಸ್, ಎಂಜಿನಿಯರಿಂಗ್ ಅಥ್ವಾ ಟೆಕ್ನಾಲಜಿ ಡಿಗ್ರಿನೇ ಬೇಕಲ್ವಾ, ಹಂಗಾದ್ರೆ ಇವಳಿಗೆ ಬಿಎಸ್ಸಿನೂ ಒಂದು ದಾರಿ ಅಲ್ವಾ ಅಂತ ಕೇಳ್ದೆ, ಬ್ರೋಷರ್ ತಿರುವಿ ಹಾಕೋಕೆ ಶುರು ಮಾಡಿದ್ರು ಪಾಪ.

ಇಂಥ ಕಡೆ ಹೋಗೋರು ಮೊದ್ಲ ಸೆಷನ್‌ಗೆ ಮಾತ್ರ ದುಡ್ಡು ಕಟ್ಟಿ, ಓದ್ಸಿ ಬರೆಸೋ ಟೆಸ್ಟ್ ಇದ್ಯಾ ಅಂತ ಫೋನಲ್ಲೇ ಕೇಳ್ಬಿಡಿ, ಇಲ್ಲ ಅಂದ್ರೆ ಹೋಗ್ಲೇಬೇಡಿ.