ಶೋಕೇಸ್ ಮತ್ತು ಸೆಂಟರ್ ಸ್ಪೀಕರ್: ನಾಲ್ಕು ವರ್ಷ ಬಳಸಿದ ಮೇಲೆ

"ಏನಂದ್ನೋ ಅವನು?" ಸಿನಿಮಾ ಹಾಕಿ ಹತ್ತು ನಿಮಿಷ ಆಗುವುದರೊಳಗೆ ಅಮ್ಮ ಹೀಗೆ ಕೇಳುತ್ತಿದ್ದರು. ನಾನು ವಾಲ್ಯೂಮ್ ಏರಿಸುತ್ತಿದ್ದೆ. ಮುಂದಿನ ಸೀನಿನಲ್ಲಿ ಫೈಟ್ ಬಂದರೆ ಅಪ್ಪ ಬೈಯುತ್ತಿದ್ದರು. ಮತ್ತೆ ಇಳಿಸುತ್ತಿದ್ದೆ. ಒಂದು ವರ್ಷಕ್ಕೂ ಜಾಸ್ತಿ ಇದೇ ಆಟ.

ಈ ಸೆಂಟರ್ ಸ್ಪೀಕರ್ ತಂದಿದ್ದು 2021ರಲ್ಲಿ, 18,000 ರೂಪಾಯಿ ಕೊಟ್ಟು. ಅಡ್ಡಡ್ಡ ಇಡುವ ಪೆಟ್ಟಿಗೆ. ಆ ಕಡೆ ಈ ಕಡೆ ದಪ್ಪ ದನಿಗೆ ಐದು ಕಾಲು ಇಂಚಿನ ವೂಫರ್, ನಡುವೆ ಕೀರಲು ದನಿಗೆ ಒಂದಿಂಚಿನ ಟ್ವೀಟರ್, ಹಿಂದೆ ಗಾಳಿ ಆಡುವ ತೂತು, ಅದೇ ಪೋರ್ಟ್. ಕಂಪನಿ ಹೆಸರು ಬೇಡ ಬಿಡಿ, ಈ ನಮೂನೆಯದನ್ನು ಸುಮಾರು ಎಲ್ಲರೂ ಮಾಡುತ್ತಾರೆ. 5.1 ಸೆಟ್ಟಿನಲ್ಲಿ, ಅಂದರೆ ಐದು ಸ್ಪೀಕರ್ ಜೊತೆಗೆ ತಗ್ಗಿನ ಗುಡುಗಿಗೆ ಒಂದು ಸಬ್‌ವೂಫರ್ ಇರುವ ಸೆಟ್ಟಿನಲ್ಲಿ, ಮಾತಿನ ಬಹುಪಾಲು ಬರುವುದು ಇದರಿಂದಲೇ. ಇದೊಂದು ಗೊಣಗಿದರೆ ಉಳಿದ ಐದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಎಲ್ಲಿಡಬೇಕು ಅಂತ ಅಂಗಡಿಯಲ್ಲಿ ಕೇಳಿದ್ದೆ. "ಟಿವಿ ಕೆಳಗೆ ಎಲ್ಲಾದ್ರೂ ಇಡಿ ಸಾರ್, ಅಷ್ಟೇ" ಅಂದರು.

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಹಳೇ ಮನೆ. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ಗೋಡೆಯುದ್ದಕ್ಕೂ ತಾತ ಮಾಡಿಸಿದ ತೇಗದ ಶೋಕೇಸ್. ಮಧ್ಯದ ಗೂಡಿನಲ್ಲಿ ಟಿವಿ. ಅದರ ಕೆಳಗೆ, ನೆಲದಿಂದ 40 ಸೆಂ.ಮೀ. ಎತ್ತರದಲ್ಲಿ ಒಂದು ತೆರೆದ ಖಾನೆ. ಎರಡೂ ಪಕ್ಕದಲ್ಲಿ ಸರಿಸುವ ಗಾಜಿನ ಬಾಗಿಲು, ಒಳಗೆ ಅಜ್ಜಿಯ ಪಿಂಗಾಣಿ ಕಪ್ಪುಗಳು. ಸ್ಪೀಕರ್ ಆ ತೆರೆದ ಖಾನೆಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನೋಡುವುದಕ್ಕೂ ಚೆಂದ ಇರಲಿ ಅಂತ ಹಿಂದಕ್ಕೆ ತಳ್ಳಿ ಇಟ್ಟೆ.

ಕೇಳುವುದಕ್ಕೆ ಮಾತ್ರ ಗುಡಾಣದೊಳಗೆ ಮುಖ ಇಟ್ಟು ಮಾತಾಡಿದ ಹಾಗಿತ್ತು. ಗಂಡಸರ ದನಿ ಊದಿಕೊಂಡು ಬರುತ್ತಿತ್ತು. ಕೆಲವು ಮಾತಿಗೆ ಪಕ್ಕದ ಗಾಜು ತಾನು ಸರಿಯುವ ತೋಡಿನಲ್ಲಿ ಜಿರ್ ಅನ್ನುತ್ತಿತ್ತು. ಸ್ಪೀಕರ್ ಕೋನ್ ಹರಿದಿದೆ ಅಂದುಕೊಂಡು ಗ್ರಿಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ದೂ ಆಯಿತು. ಅದಕ್ಕೇನೂ ಆಗಿರಲಿಲ್ಲ. ವಾಪಸ್ ಕೊಟ್ಟುಬಿಡೋಣ ಅಂತ ಅಂಗಡಿಗೆ ಹೋದರೆ ತೆಗೆದುಕೊಳ್ಳಲಿಲ್ಲ. ಈಗ ಯೋಚಿಸಿದರೆ ಒಳ್ಳೇದೇ ಆಯಿತು.

ಗುಟ್ಟು ಗೊತ್ತಾಗಿದ್ದು 2022ರ ದಸರಾದಲ್ಲಿ. ನವರಾತ್ರಿ ಬಂತೆಂದರೆ ನಮ್ಮ ಶೋಕೇಸ್ ಪೂರ್ತಿ ಗೊಂಬೆಗಳದ್ದು. ಪಟ್ಟದ ಗೊಂಬೆಗೆ ಟಿವಿ ಪಕ್ಕದ ಜಾಗ, ಕೆಳಗಿನ ಖಾನೆಗೆ ಮದುವೆ ದಿಬ್ಬಣದ ಸೆಟ್. "ನಿನ್ನ ಡಬ್ಬ ತೆಗಿ" ಅಂದರು ಅಮ್ಮ. ಸ್ಪೀಕರನ್ನು ಶೋಕೇಸ್ ಮುಂದೆ ಒಂದು ಮರದ ಸ್ಟೂಲಿನ ಮೇಲಿಟ್ಟೆ. ಮುಂದಕ್ಕೆ ವಾಲುತ್ತಿತ್ತು, ಅದಕ್ಕೆ ಮುಂಭಾಗದ ಅಡಿಗೆ ಒಂದು ಮರದ ಚಕ್ಕೆ ಕೊಟ್ಟೆ. ವಿಜಯದಶಮಿ ದಿನ ಜಂಬೂ ಸವಾರಿ ನೇರಪ್ರಸಾರ ಹಾಕಿದ್ದೆವು. ಬ್ಯಾಂಡಿನ ಸದ್ದು, ಜನರ ಗಲಾಟೆ, ಅದರ ನಡುವೆ ವೀಕ್ಷಕ ವಿವರಣೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಇವತ್ತು ಮಾತೆಲ್ಲ ಬಿಡಿಬಿಡಿಯಾಗಿ ಕೇಳ್ತಿದೆಯಲ್ಲೋ!"

ಅದೇ ಸ್ಪೀಕರ್, ಅದೇ ಆಂಪ್ಲಿಫೈಯರ್. ಜಾಗ ಬದಲಾಗಿತ್ತು, ಅಷ್ಟೇ.

ಗೊಂಬೆ ಎತ್ತಿಟ್ಟ ಮೇಲೆ ಟೇಪು ಹಿಡಿದು ಕೂತೆ. ಸೋಫಾದಲ್ಲಿ ಕೂತಾಗ ನಮ್ಮ ಕಿವಿ ನೆಲದಿಂದ ಸುಮಾರು 98 ಸೆಂ.ಮೀ. ಖಾನೆಯಲ್ಲಿಟ್ಟಾಗ ಟ್ವೀಟರ್ 48ರಲ್ಲಿ. ನಡುವಿನ ದೂರ 2.9 ಮೀಟರ್. ಅಂದರೆ ಸ್ಪೀಕರ್ ನಮ್ಮ ಮೊಣಕಾಲಿನ ಜೊತೆ ಮಾತಾಡುತ್ತಿತ್ತು! ಕಿವಿಗೆ ಗುರಿ ಇಡಬೇಕಾದರೆ ಹತ್ತು ಡಿಗ್ರಿ ಮೇಲಕ್ಕೆ ತಿರುಗಬೇಕು. ಪೆಟ್ಟಿಗೆಯ ಆಳ 24 ಸೆಂ.ಮೀ., ಹಾಗಾಗಿ ಮುಂಭಾಗ ನಾಲ್ಕು ಸೆಂ.ಮೀ. ಎದ್ದರೆ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಕೊಡುವ ರಬ್ಬರ್ ಸ್ಟಾಪರ್ ಎರಡು ತಂದು ಅಡಿಗೆ ಕೊಟ್ಟೆ. ನಾಲ್ಕು ವರ್ಷದಲ್ಲಿ ಇದಕ್ಕೆ ಮಾಡಿದ ಅತಿ ಒಳ್ಳೆಯ ಖರ್ಚು ಅದು.

ಎರಡನೇ ಕೆಲಸ, ಮುಂದಕ್ಕೆ ಎಳೆದದ್ದು. ಸ್ಪೀಕರಿನ ಮುಖ ಹಲಗೆಯ ಅಂಚಿಗಿಂತ ಒಂದು ಬೆರಳು ಹೊರಗೇ ಇರಬೇಕು. ಒಳಗಿದ್ದರೆ ಮಾತು ಮೊದಲು ಹಲಗೆಗೆ ಬಡಿದು, ಒಂದು ಚೂರು ತಡವಾಗಿ ಕಿವಿಗೆ ಬರುತ್ತದೆ. ನೇರ ಬಂದ ಸದ್ದಿನ ಜೊತೆ ಅದು ಬೆರೆತು ಅಕ್ಷರಗಳ ಅಂಚು ಮಸುಕಾಗುತ್ತದೆ. ಹಿಂದಿನ ಖಾಲಿ ಜಾಗದ ಮೂಲೆಗಳಿಗೆ ಹಳೇ ರಗ್ಗು ತುರುಕಿದೆ. ಪೋರ್ಟಿನ ಹಿಂದೆ ಮಾತ್ರ ಒಂದು ಗೇಣು ಬಿಟ್ಟಿದ್ದೇನೆ, ಅದನ್ನು ಮುಚ್ಚಬಾರದು. ಗಾಜು ಸರಿಯುವ ತೋಡಿಗೆ ಮಖಮಲ್ ಪಟ್ಟಿ ಅಂಟಿಸಿದ ಮೇಲೆ ಜಿರ್ ಅನ್ನುವುದು ನಿಂತಿತು.

ಸೋಫಾ ಮುಂದಿನ ಗಾಜಿನ ಟೀಪಾಯಿಯೂ ಕಳ್ಳನೇ. ಸದ್ದು ಅದರ ಮೇಲೆ ಬಿದ್ದು ಪುಟಿಯುತ್ತದೆ. ಸಿನಿಮಾ ನೋಡುವಾಗ ಅದನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೆ ಜಮಖಾನ ಹಾಸುತ್ತೇವೆ. ಕಾಫಿ ಲೋಟ ಎಲ್ಲಿಡೋದು ಅನ್ನುವುದು ಬೇರೆ ಜಗಳ.

ಆಂಪ್ಲಿಫೈಯರಿನ ಮೈಕ್ ಕಿವಿ ಎತ್ತರದಲ್ಲಿ ಇಟ್ಟು, ಸ್ಪೀಕರುಗಳ ಸದ್ದು ಅಳೆದು ಹೊಂದಿಸುವ ಸೆಟಪ್ ಮತ್ತೆ ಓಡಿಸಬೇಕು, ಜಾಗ ಬದಲಿಸಿದಾಗಲೆಲ್ಲ. ನನ್ನದರಲ್ಲಿ ಅದು ತಾನಾಗಿ ಸೆಂಟರ್ ಸ್ಪೀಕರನ್ನು 'ಲಾರ್ಜ್', ಅಂದರೆ ತಗ್ಗಿನ ಸದ್ದನ್ನೂ ತಾನೇ ನುಡಿಸುವಂಥದ್ದು, ಅಂತ ಬರೆದುಕೊಂಡಿತ್ತು. ಅದನ್ನು 'ಸ್ಮಾಲ್' ಮಾಡಿ ಕ್ರಾಸ್‌ಓವರ್, ಅಂದರೆ ಸದ್ದು ಹಂಚಿಕೆಯಾಗುವ ಗಡಿ, 80 ಹರ್ಟ್ಸ್‌ಗೆ ಇಟ್ಟೆ. ಅದಕ್ಕಿಂತ ಕೆಳಗಿನದೆಲ್ಲ ಸಬ್‌ವೂಫರಿಗೆ ಹೋಗಿ ಗುಡಾಣದ ದನಿ ಇನ್ನಷ್ಟು ಕಮ್ಮಿಯಾಯಿತು.

ಒಂದು ದೂರು ಮಾತ್ರ ಈ ಸ್ಪೀಕರಿನ ಮೇಲೇ ಹೊರಿಸಬೇಕು. ಅಪ್ಪನ ಕುರ್ಚಿ ಒಂದು ಪಕ್ಕಕ್ಕಿದೆ, ಸ್ಪೀಕರಿನಿಂದ ಸುಮಾರು 30 ಡಿಗ್ರಿ ಓರೆಗೆ. ಅಲ್ಲಿ ಕೂತರೆ ದನಿ ಸೊರಗುತ್ತದೆ. ನನ್ನದರಲ್ಲಿ ಎರಡು ವೂಫರ್‌ಗಳ ಅಂತರ, ನಡುವಿಂದ ನಡುವಿಗೆ, 26 ಸೆಂ.ಮೀ. ಓರೆಯಲ್ಲಿ ಕೂತವರಿಗೆ ಒಂದರ ಸದ್ದು ಇನ್ನೊಂದಕ್ಕಿಂತ 13 ಸೆಂ.ಮೀ. ಜಾಸ್ತಿ ದೂರ ಬರಬೇಕು. ಸುಮಾರು 1300 ಹರ್ಟ್ಸ್‌ನಲ್ಲಿ ಅದು ಅರ್ಧ ಅಲೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮಾತಿನ ತಿರುಳಿರುವ ಜಾಗದಲ್ಲೇ ಹಳ್ಳ ಬೀಳುತ್ತದೆ. ಇದಕ್ಕೆ ಸ್ಟಾಪರ್, ರಗ್ಗು ಯಾವುದೂ ಮದ್ದಲ್ಲ. ಅಪ್ಪನನ್ನು ಕೇಳಿ ಕುರ್ಚಿಯನ್ನು ಎರಡಡಿ ಒಳಕ್ಕೆ ಹಾಕಿದೆ. "ಫ್ಯಾನ್ ಗಾಳಿ ಸಿಗಲ್ಲ" ಅಂತ ಅವರು ಒಂದಡಿ ವಾಪಸ್ ಎಳೆದುಕೊಂಡರು. ಅಲ್ಲಿಗೆ ಒಪ್ಪಂದವಾಯಿತು. ಮನೆಮಂದಿ ಅಗಲಕ್ಕೆ ಹರಡಿ ಕೂರುವ ಹಾಲ್ ಆದರೆ, ಟ್ವೀಟರ್ ಮತ್ತು ನಡು ದನಿಯ ಮಿಡ್ ಒಂದರ ಮೇಲೊಂದು ಇರುವ ಸೆಂಟರ್ ಸ್ಪೀಕರ್ ನೋಡಿ. ಎತ್ತರ ಜಾಸ್ತಿ ಇರುತ್ತದೆ, ಹಾಗಾಗಿ ಹೊರಡುವ ಮುಂಚೆ ಖಾನೆಯ ಅಳತೆ ಬರೆದುಕೊಂಡು ಹೋಗಿ.

ಉಳಿದಂತೆ ನಾಲ್ಕು ವರ್ಷದಲ್ಲಿ ರಿಪೇರಿ ಅಂತ ಒಂದು ಪೈಸೆ ಖರ್ಚಿಲ್ಲ. ಗ್ರಿಲ್ ಬಟ್ಟೆ ಧೂಳು ಹಿಡಿಯುತ್ತದೆ, ಬಣ್ಣ ಹಚ್ಚುವ ಬ್ರಷ್ಷಿನಲ್ಲಿ ತೆಗೆಯುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದು.

ಅಮ್ಮ ಈಗ "ಏನಂದ್ನೋ" ಅನ್ನುವುದಿಲ್ಲ. ಆದರೆ ಸ್ಪೀಕರ್ ಬೋಳಾಗಿ ಕಾಣುತ್ತದೆ ಅಂತ ಅದರ ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿದ್ದಾರೆ. ಅದರ ಜಾಲರಿ ಸರಿಯಾಗಿ ಟ್ವೀಟರ್ ಮುಂದೆ ಇಳಿಬಿದ್ದಿರುತ್ತದೆ. ಸಿನಿಮಾ ಶುರುವಾಗುವ ಮುಂಚೆ ನಾನು ಎತ್ತಿಡುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಅಲ್ಲೇ ಇರುತ್ತದೆ.