ಯಾರ್ಕ್‌ಟೌನ್ ಮುತ್ತಿಗೆಯ ಬೋರ್ಡ್ ಆಟ: ಪುಣೆಯ ಮನೆಯಲ್ಲಿ ಆಡಿ ನೋಡಿದ ಮೇಲೆ

ಪುಣೆಯ ಆಟಿಕೆ ಅಂಗಡಿಯೊಂದರಲ್ಲಿ ಕೊಂಡ ಯಾರ್ಕ್‌ಟೌನ್ ಮುತ್ತಿಗೆಯ ಬೋರ್ಡ್ ಆಟವನ್ನು ಈ ತಿಂಗಳು ಮಗಳೊಡನೆ ನಾಲ್ಕು ಬಾರಿ ಆಡಿದ್ದೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕನ್ನರೂ ಫ್ರೆಂಚರೂ ಸೇರಿ ಯಾರ್ಕ್‌ಟೌನ್ ಊರಿನಲ್ಲಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆಯನ್ನು ಸುತ್ತುವರಿದ ಕಥೆ ಇದು. 1781ರ ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಪಡೆ ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಬ್ರಿಟಿಷ್ ಹಡಗುಗಳನ್ನು ತಡೆದದ್ದರಿಂದಲೇ ಕಾರ್ನ್‌ವಾಲಿಸನಿಗೆ ಸಮುದ್ರದ ದಾರಿ ಮುಚ್ಚಿತು ಎಂಬುದನ್ನು ಆಟ ಚೆನ್ನಾಗಿ ಮನಗಾಣಿಸುತ್ತದೆ. ಫ್ರೆಂಚರ ನೀಲಿ ಹಡಗುಗಳು ಕೊಲ್ಲಿಯನ್ನು ತುಂಬಿದ ಮೇಲೆ ಬ್ರಿಟಿಷರ ಕೆಂಪು ಪಡೆಯವರಿಗೆ ದಿನ ಎಣಿಸುವುದಷ್ಟೇ ಉಳಿಯುತ್ತದೆ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅಕ್ಟೋಬರ್ 14ರ ರಾತ್ರಿಯ ಸುತ್ತು. ಬ್ರಿಟಿಷರ 9ನೆಯ ಮಣ್ಣಿನ ಬುರುಜನ್ನು ಫ್ರೆಂಚರು, 10ನೆಯದನ್ನು ಹ್ಯಾಮಿಲ್ಟನ್ ಎಂಬ ಸೇನಾಧಿಕಾರಿಯ ಅಮೆರಿಕನ್ನರು ಏರಬೇಕು. ಆ ಅಮೆರಿಕನ್ನರು ಬಂದೂಕಿಗೆ ಮದ್ದು ತುಂಬದೆ ಅದರ ತುದಿಗೆ ಸಿಕ್ಕಿಸಿದ ಚೂರಿಯಾದ ಬಯೊನೆಟ್ಟಿನಿಂದಲೇ ಕಾದಾಡಿದ್ದರಿಂದ ಆಟದಲ್ಲೂ ಅವರ ಗುಂಡಿನ ಬಿಲ್ಲೆಗಳನ್ನು ಬದಿಗಿಡಬೇಕಾಗುತ್ತದೆ. ಕಂದಕದ ಬಿಲ್ಲೆಗಳು ಮಾತ್ರ ತೆಳು ರಟ್ಟಿನವು, ಆಗಲೇ ಅಂಚು ಬಿಚ್ಚಿಕೊಂಡಿವೆ. ಈ ಬೆಲೆಗೆ ಅದು ಸಲ್ಲದು. ಕೈಪಿಡಿಯೂ ಅಕ್ಟೋಬರ್ 19ರ ಶರಣಾಗತಿಗೇ ನಿಂತುಬಿಡುತ್ತದೆ. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಇದೇ ಪುಣೆಯ ಪೇಶ್ವೆಯ ಪಡೆ ಮತ್ತು ನಿಜಾಮನ ಪಡೆಗಳೊಂದಿಗೆ ಶ್ರೀರಂಗಪಟ್ಟಣವನ್ನು ಮುತ್ತಿದನೆಂದು ನಾನು ಹೇಳಿದಾಗ, ಮಗಳು ಬೋರ್ಡನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕಾವೇರಿ ಎಲ್ಲಿದೆ ಎಂದು ಹುಡುಕಿದಳು.